ಬೇ ಏರಿಯಾಕ್ಕೆ ಹೊಸಬರಾ? ಕಾರಿನಲ್ಲಿ 740 ಹಾಕಿಟ್ಟುಕೊಳ್ಳಿ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾಕ್ಕೆ ಬಂದ ಮೊದಲ ವಾರ ಎಲ್ಲರೂ ಕೊಡುವ ಪಟ್ಟಿ ಒಂದೇ. ಸೋಷಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಸೋನಾ ಮಸೂರಿ ಸಿಗುವ ಅಂಗಡಿ. ಅದಕ್ಕೆ ನನ್ನದೊಂದು ಸೇರಿಸಿಕೊಳ್ಳಿ: ಕಾರಿನ ರೇಡಿಯೊದಲ್ಲಿ ಎಎಂ 740. ಕೆಸಿಬಿಎಸ್ ಅಂತ ಹೆಸರು, ಸುದ್ದಿಯ ಸ್ಟೇಷನ್. ಎಎಂ ಅಂದರೆ ಬೇರೇನೂ ಅಲ್ಲ, ನಮ್ಮ ಮೀಡಿಯಂ ವೇವ್. ಬೆಂಗಳೂರು ಆಕಾಶವಾಣಿ 612 ಅಂತ ಮುಳ್ಳು ತಿರುಗಿಸಿ ಹಿಡಿಯುತ್ತಿದ್ದೆವಲ್ಲ, ಅದೇ.

ಫೋನಿನಲ್ಲಿ ಮ್ಯಾಪ್ ಇರುವಾಗ ರೇಡಿಯೊ ಯಾಕೆ ಅಂತ ನಾನೂ ಕೇಳುತ್ತಿದ್ದೆ. ಒಂದು ಸಲ ಅತ್ತೆ-ಮಾವ ಊರಿನಿಂದ ಬರುವವರಿದ್ದರು. 101 ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡೆ. ಮ್ಯಾಪ್ ಸುಮ್ನೆ ಕೆಂಪು ಗೆರೆ ತೋರಿಸುತ್ತಿತ್ತು. ಮುಂದೆ ಲಾರಿ ಮಗುಚಿ ಎಲ್ಲ ಲೇನ್ ಮುಚ್ಚಿದ್ದಾರೆ ಅಂತ ಕೊನೆಗೆ ರೇಡಿಯೊ ಹಾಕಿದಾಗಲೇ ಗೊತ್ತಾಗಿದ್ದು. ವಿಮಾನ ನಿಲ್ದಾಣದಲ್ಲಿ ಅತ್ತೆಯವರು ಒಂದೂವರೆ ಗಂಟೆ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಆ ಕಥೆ ಇವತ್ತಿಗೂ ಹಬ್ಬಕ್ಕೊಮ್ಮೆ ಹೊರಗೆ ಬರುತ್ತದೆ.

ಗಂಟೆಯ 8, 18, 28, ಹೀಗೆ ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್ ಸುದ್ದಿ ಬರುತ್ತದೆ. ಮೊದಮೊದಲು ಒಂದು ಅಕ್ಷರ ಅರ್ಥವಾಗುವುದಿಲ್ಲ, ಗಾಬರಿ ಬೇಡ. 'ನಂಬರ್ ಒನ್ ಲೇನ್' ಅಂದರೆ ಎಡತುದಿಯ ಲೇನ್, ಎಣಿಕೆ ಅಲ್ಲಿಂದ ಬಲಕ್ಕೆ. 'ಸ್ಟಾಲ್' ಅಂದರೆ ಕೆಟ್ಟು ನಿಂತ ಗಾಡಿ. 'ಮೀಟರಿಂಗ್ ಲೈಟ್ಸ್ ಆನ್' ಅಂದರೆ ಬೇ ಬ್ರಿಡ್ಜ್ ಟೋಲ್ ಹತ್ತಿರ ಸಾಲು ಬೆಳೆದಿದೆ, ಕಾಫಿ ಕುಡಿದೇ ಹೊರಡಿ. 'ನಿಮಿಟ್ಜ್' ಅಂದರೆ 880 ಹೆದ್ದಾರಿ. ಊರಿನ ಹೆಸರುಗಳೂ ಇಲ್ಲೇ ಸರಿಹೋಗುತ್ತವೆ. ನಾನು ಮೂರು ತಿಂಗಳು 'ಸ್ಯಾನ್ ಜೋಸ್' ಅಂತಲೇ ಹೇಳಿಕೊಂಡು ಓಡಾಡಿದ್ದೆ, ಒಬ್ಬರೂ ತಿದ್ದಲಿಲ್ಲ. ರೇಡಿಯೊ ತಿದ್ದಿತು: ಸ್ಯಾನ್ ಹೋಸೆ.

ಈ ಸ್ಟೇಷನ್ ಹುಟ್ಟಿದ್ದೂ ಆ ಸ್ಯಾನ್ ಹೋಸೆಯಲ್ಲೇ. ಸಿಲಿಕಾನ್ ಚಿಪ್ಪಿಗೆ ಎಷ್ಟೋ ಮೊದಲು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮನೆ ಕಳೆದುಕೊಂಡ ಚಾರ್ಲ್ಸ್ ಹೆರಾಲ್ಡ್ ಎಂಬ ಮೇಷ್ಟ್ರು 1909ರಲ್ಲಿ ಇಲ್ಲಿನ ಡೌನ್‌ಟೌನ್‌ನ ಗಾರ್ಡನ್ ಸಿಟಿ ಬ್ಯಾಂಕ್ ಕಟ್ಟಡದಲ್ಲಿ ವೈರ್‌ಲೆಸ್ ಕಲಿಸುವ ಶಾಲೆ ತೆರೆದರು. ಛಾವಣಿಯ ಮೇಲಿಂದ ಅಕ್ಕಪಕ್ಕದ ಕಟ್ಟಡಗಳಿಗೆ ಕೊಡೆಯ ಕಡ್ಡಿಗಳ ಹಾಗೆ ತಂತಿ ಎಳೆದರು. ಆಗ ವೈರ್‌ಲೆಸ್ ಅಂದರೆ ಟೆಲಿಗ್ರಾಂನ ಹಾಗೆ ಕಟ್ಟಕಡ ಅನ್ನುವ ಮೋರ್ಸ್ ಸಂಕೇತ ಅಷ್ಟೇ. ಇವರು ಮಾತು, ಹಾಡು ಕಳಿಸಿದರು. ಆ ಯಂತ್ರದಲ್ಲಿ ಮೈಕ್ ಎಷ್ಟು ಕಾಯುತ್ತಿತ್ತೆಂದರೆ ಅದಕ್ಕೆ ನೀರು ಹರಿಸಿ ತಂಪು ಮಾಡಬೇಕಿತ್ತು! ಹೆಂಡತಿ ಸಿಬಿಲ್ ಅಂಗಡಿಯಿಂದ ಗ್ರಾಮಫೋನ್ ಪ್ಲೇಟು ಎರವಲು ತಂದು ಬುಧವಾರ ಸಂಜೆ ಹಾಕುತ್ತಿದ್ದರು. ಕೇಳಿದ ಹುಡುಗರು ಮರುದಿನ ಅದೇ ಪ್ಲೇಟು ಕೊಳ್ಳಲು ಅಂಗಡಿಗೆ ಹೋಗುತ್ತಿದ್ದರಂತೆ. ರೇಡಿಯೊ ಜಾಹೀರಾತು ಹುಟ್ಟಿದ್ದು ಹೀಗೇ ಅಂದರೂ ನಡೆದೀತು.

ಇದನ್ನು ಓದಿದಾಗ ನನಗೆ ನಮ್ಮ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ನೆನಪಾದರು. ಅವರೂ ಮೇಷ್ಟ್ರೇ, ಮನಶ್ಶಾಸ್ತ್ರದ ಪ್ರೊಫೆಸರ್. 1935ರಲ್ಲಿ ಮನೆಯಲ್ಲೇ ಸ್ಟೇಷನ್ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ.

1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಹವ್ಯಾಸಿಗಳ ಸ್ಟೇಷನ್‌ಗಳೆಲ್ಲ ಬಂದ್ ಆದವು. ಯುದ್ಧ ಮುಗಿಯುವಷ್ಟರಲ್ಲಿ ವ್ಯಾಕ್ಯೂಮ್ ಟ್ಯೂಬ್ ಬಂದು ಹೆರಾಲ್ಡರ ಯಂತ್ರ ಹಳೆಯದಾಗಿತ್ತು. ಮತ್ತೆ ಕಟ್ಟಿದರು. 1921ರ ಡಿಸೆಂಬರಿನಲ್ಲಿ ಕೆಕ್ಯೂಡಬ್ಲ್ಯು ಹೆಸರಿನಲ್ಲಿ ಲೈಸೆನ್ಸ್ ಸಿಕ್ಕಿತು. ನಡೆಸಲು ದುಡ್ಡು ಸಾಲದೆ 1925ರಲ್ಲಿ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ವಹಿಸಿದರು. ಆಮೇಲೆ ಸಾಂಟಾ ಕ್ಲಾರಾ ಕಣಿವೆಯ ಹಣ್ಣಿನ ತೋಟದವರಿಗೆ ಬೇಕಾದ ಕಾರ್ಯಕ್ರಮಗಳು ಬಂದವು, ನಮ್ಮ ಕೃಷಿರಂಗದ ಹಾಗೆ. ಹೆರಾಲ್ಡ್ ಮಾತ್ರ ಮೂಲೆಗೆ ಸರಿದರು. ಕೊನೆಗಾಲದಲ್ಲಿ ಓಕ್ಲೆಂಡಿನ ಹಡಗುಕಟ್ಟೆಯಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡಿದರು. 1948ರಲ್ಲಿ ತೀರಿಕೊಂಡರು. ಮರುವರ್ಷವೇ ಸಿಬಿಎಸ್ ಕಂಪನಿ ಸ್ಟೇಷನ್ ಕೊಂಡು ಹೆಸರನ್ನು ಕೆಸಿಬಿಎಸ್ ಮಾಡಿತು.

ಅಮೆರಿಕದ ಮೊದಲ ಸ್ಟೇಷನ್ ನಮ್ಮದೇ ಅಂತ 1920ರಲ್ಲಿ ಶುರುವಾದ ಪಿಟ್ಸ್‌ಬರ್ಗಿನ ಕೆಡಿಕೆಎದವರೂ ಹೇಳುತ್ತಾರೆ. ಲೈಸೆನ್ಸ್ ನೋಡಿದರೆ ಅವರು ಮುಂದೆ, ಕೆಲಸ ನೋಡಿದರೆ ಹೆರಾಲ್ಡ್ ಮುಂದೆ. ನನ್ನ ವೋಟು ಮೇಷ್ಟ್ರಿಗೆ.

ಈಗ ಸ್ಟುಡಿಯೊ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಗೋಪುರಗಳು ಉತ್ತರಕ್ಕೆ ನೊವಾಟೊದಲ್ಲಿ. ಶಕ್ತಿ 50 ಕಿಲೋವ್ಯಾಟ್. 1968ರಿಂದ ಬರೀ ಸುದ್ದಿ. ಜಾಹೀರಾತು ಸ್ವಲ್ಪ ಜಾಸ್ತಿ, ಸಹಿಸಿಕೊಳ್ಳಿ. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ಇರುವುದೇ ಇಲ್ಲ, ಮೋಟರಿನ ಗದ್ದಲ ಸೇರಿಕೊಳ್ಳುತ್ತದೆ ಅಂತ ತೆಗೆದಿದ್ದಾರೆ. ಅಂಥವರು 106.9 ಎಫ್‌ಎಂ ಹಾಕಿ, 2008ರಿಂದ ಅದರಲ್ಲೂ ಇದೇ ಬರುತ್ತಿದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ ಇಲ್ಲಿ ದೊಡ್ಡ ಭೂಕಂಪ ಆಯಿತು. ಬೇ ಬ್ರಿಡ್ಜಿನ ಒಂದು ತುಂಡು ಕುಸಿಯಿತು, ಓಕ್ಲೆಂಡಿನಲ್ಲಿ ಎರಡಂತಸ್ತಿನ ಫ್ರೀವೇ ಬಿತ್ತು, 63 ಜನ ಸತ್ತರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರೆಂಟ್ ಹೋಯಿತು. ಜನ ನಿಲ್ಲಿಸಿದ ಕಾರಿನ ಸುತ್ತ, ಕೈಯಲ್ಲಿನ ಟ್ರಾನ್ಸಿಸ್ಟರಿನ ಸುತ್ತ ನಿಂತು ಸುದ್ದಿ ಕೇಳಿದರು. ನಿಮ್ಮ ಮನೆಯ ವೈಫೈ ಕರೆಂಟಿಲ್ಲದೆ ಎಷ್ಟು ಹೊತ್ತು ನಡೆಯುತ್ತದೆ ಅಂತ ಒಮ್ಮೆ ಯೋಚಿಸಿ ನೋಡಿ.

ಹಾಗಾಗಿ ಸೆಲ್ ಹಾಕುವ ಒಂದು ಚಿಕ್ಕ ಎಎಂ ರೇಡಿಯೊ ತಂದು, 740ಕ್ಕೆ ತಿರುಗಿಸಿ, ಟಾರ್ಚು ಮತ್ತು ನೀರಿನ ಬಾಟಲಿಗಳ ಜೊತೆ ಬಾಗಿಲ ಹತ್ತಿರ ಇಡಿ. ನಾನು ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರ ಹಿಂದೆ-ಮುಂದೆ ಮಾಡುವ ಭಾನುವಾರ ಸೆಲ್ಲನ್ನೂ ಬದಲಾಯಿಸಿಬಿಡುತ್ತೇನೆ, ಬೇರೆ ದಿನ ನೆನಪಿರುವುದಿಲ್ಲ.