ಗಿಡದ ಟ್ಯಾಂಕಿನ ಪಾಚಿ: ಲೈಟ್ ಇಳಿಸಿದೆ, ಗೊಬ್ಬರ ಇಳಿಸಲಿಲ್ಲ

"ಆರು ಗಂಟೆ ಲೈಟಿಗೆ ಗಿಡ ಬದುಕಲ್ಲ ಸಾರ್" ಎಂದು ಮೀನಿನ ಅಂಗಡಿಯವರು ಹೇಳಿದ್ದರು. "ಪಾಚಿ ಇರೋ ಟ್ಯಾಂಕಿಗೆ ನೈಟ್ರೇಟ್ ಹಾಕ್ತೀಯಾ? ತಲೆ ಸರಿ ಇದೆಯಾ?" ಎಂದದ್ದು ನನಗಿಂತ ಐದಾರು ವರ್ಷ ಮೊದಲೇ ಮೀನು ಸಾಕಲು ಶುರುಮಾಡಿದ ಗೆಳೆಯ. ಮೀನಿನ ಜೊತೆ ನಿಜವಾದ ಗಿಡ ಬೆಳೆಸುವ ನನ್ನ ಟ್ಯಾಂಕಿನಲ್ಲಿ ನಾನು ಎರಡನ್ನೂ ಮಾಡಿದೆ: ಲೈಟನ್ನು ದಿನಕ್ಕೆ ಆರು ಗಂಟೆಗೆ ಇಳಿಸಿದೆ, ನೈಟ್ರೇಟ್ ಗೊಬ್ಬರವನ್ನೂ ಹಾಕಿದೆ. ಹದಿನಾಲ್ಕು ತಿಂಗಳಾಯಿತು. ಆಗ ನಾಲ್ಕು ದಿನಕ್ಕೊಮ್ಮೆ ಗಾಜು ಉಜ್ಜುತ್ತಿದ್ದೆ, ಈಗ ತಿಂಗಳಿಗೊಮ್ಮೆ ಉಜ್ಜಿದರೆ ಜಾಸ್ತಿ. ಅದೇ ಗೆಳೆಯ ಹೋದ ತಿಂಗಳು ಬಂದು ಒಂದು ಕಟ್ಟು ವ್ಯಾಲಿಸ್ನೇರಿಯಾ ಗಿಡ ಕೇಳಿ ತೆಗೆದುಕೊಂಡು ಹೋದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಎರಡೂವರೆ ಅಡಿ ಟ್ಯಾಂಕು, ಮರಳು ಬಿಟ್ಟರೆ ಸುಮಾರು 80 ಲೀಟರ್ ನೀರು. ಕಾವೇರಿ ನೀರು, ಅದು ಬರದ ವಾರ ಟ್ಯಾಂಕರ್ ನೀರು. ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್) ಕೊಡುವ ಸಿಲಿಂಡರ್ ಇಲ್ಲ. ಕೆಳಗೆ ಕೆಮ್ಮಣ್ಣು, ಮೇಲೆ ಮರಳು.

ಮೊದಲ ಎರಡು ವರ್ಷ ನಾನು ಪಾಚಿಯ ಹಿಂದೆ ಓಡಿದೆ. ಪಾಚಿ ತಿನ್ನುತ್ತೆ ಎಂದು ಒಂದು ಸಕ್ಕರ್ ಮೀನು ತಂದೆ, 60 ರೂಪಾಯಿ ಇರಬೇಕು. ಎಂಟು ತಿಂಗಳಲ್ಲಿ ಗೇಣುದ್ದ ಬೆಳೆಯಿತು. ಪಾಚಿ ಬಿಟ್ಟು ಮೀನಿನ ಕಾಳು ತಿಂದು, ರಾತ್ರಿಯೆಲ್ಲ ಗಿಡ ಕೀಳುತ್ತಿತ್ತು. ಅಂಗಡಿಗೇ ವಾಪಸ್ ಕೊಟ್ಟೆ. ದಯವಿಟ್ಟು ಅದನ್ನು ಕೆರೆಗೆ ಬಿಡಬೇಡಿ, ನಮ್ಮ ನೀರಿನ ಮೀನಲ್ಲ ಅದು. ಒಮ್ಮೆ ಸೇರಿಕೊಂಡರೆ ಅಲ್ಲಿನ ಮೀನುಗಳಿಗೆ ಕಷ್ಟ. ಆಮೇಲೆ ಪಾಚಿ ಔಷಧ ಒಂದು ಬಾಟಲಿ, 450. ಅತಿನೇರಳೆ ಬೆಳಕಿನಿಂದ ನೀರಿನ ಪಾಚಿ ಕೊಲ್ಲುವ ಯುವಿ ಫಿಲ್ಟರ್, ಸುಮಾರು 1,400. ಮೂರು ದಿನ ಕಂಬಳಿ ಸುತ್ತಿ ಪೂರ್ತಿ ಕತ್ತಲೆಯಲ್ಲೂ ಇಟ್ಟೆ. ನೀರು ಕನ್ನಡಿಯಂತಾಯಿತು. ಎರಡೇ ವಾರ, ಮತ್ತೆ ಪಾಲಕ್ ಸೂಪು. ಇಂಥವಕ್ಕೇ ಆ ಎರಡು ವರ್ಷದಲ್ಲಿ ಏಳೆಂಟು ಸಾವಿರ ಹೋಯಿತು.

ಕಾರಣ ಹಿಡಿದುಕೊಟ್ಟದ್ದು ನಮ್ಮಮ್ಮ. ಪ್ರತಿ ವರ್ಷ ದಸರಾ ಕಳೆದ ಮೇಲೇ ನೀರು ಹಸಿರಾಗುತ್ತಿತ್ತು. ನಾನು ಟ್ಯಾಂಕರ್ ನೀರಿನ ಮೇಲೆ ಅನುಮಾನ ಪಟ್ಟಿದ್ದೆ. ಒಂದು ನವೆಂಬರ್ ಬೆಳಿಗ್ಗೆ ಅಮ್ಮ ಬ್ಯಾಡಗಿ ಮೆಣಸಿನಕಾಯಿ ತಟ್ಟೆ ತಂದು ಟ್ಯಾಂಕಿನ ಪಕ್ಕ ನೆಲದ ಮೇಲಿಟ್ಟರು. "ಇಲ್ಲಿ ಯಾಕಮ್ಮ?" ಅಂದೆ. "ಈಗ ಬಿಸಿಲು ಒಳಗೇ ಬರುತ್ತಲ್ಲೋ, ಮಹಡಿ ಯಾಕೆ ಹತ್ತಲಿ?" ಅಂದರು. ನೋಡಿದೆ. ದಕ್ಷಿಣದ ಕಿಟಕಿ. ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಬಿಸಿಲಿನ ಪಟ್ಟೆ ಟ್ಯಾಂಕಿನ ಹಿಂಭಾಗದ ಗಾಜು ದಾಟಿ ಮೆಣಸಿನಕಾಯಿ ಮೇಲೆ ಬೀಳುತ್ತಿತ್ತು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮೂರಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಮೇಲೆ ದಕ್ಷಿಣಕ್ಕೆ ವಾಲುತ್ತಾ ಡಿಸೆಂಬರ್‌ನಲ್ಲಿ ತೀರಾ ಕೆಳಗಿಳಿಯುತ್ತಾನೆ. ನಾನು ಟ್ಯಾಂಕ್ ಇಟ್ಟಿದ್ದು ಜೂನ್‌ನಲ್ಲಿ. ಆಗ ಆ ಮೂಲೆ ಕತ್ತಲೆ. 40 ರೂಪಾಯಿಯ ಥರ್ಮಕೋಲ್ ಹಲಗೆ ತಂದು ಹಿಂಭಾಗಕ್ಕೆ ಕಟ್ಟಿದೆ. ಯುವಿ ಮಾಡದ ಕೆಲಸವನ್ನು ಅದು ಮಾಡಿತು.

ಎರಡನೆಯ ತಪ್ಪು ಟೈಮರ್‌ದು. ಸುತ್ತ ಪಿನ್ನು ಒತ್ತುವ ಟೈಮರ್ ಇದೆಯಲ್ಲ, ಕರೆಂಟ್ ಹೋದರೆ ಅದರ ಗಡಿಯಾರವೂ ನಿಲ್ಲುತ್ತದೆ. ವಾರದಲ್ಲಿ ನಾಲ್ಕು ಸಲ ಕರೆಂಟ್ ಹೋದರೆ ಮೂರ್ನಾಲ್ಕು ಗಂಟೆ ಹಿಂದೆ ಬಿದ್ದಿರುತ್ತದೆ. ಸಂಜೆ ಐದಕ್ಕೆ ಹತ್ತಬೇಕಾದ ಲೈಟ್ ಎಂಟಕ್ಕೆ ಹತ್ತುತ್ತಿತ್ತು. ಲೈಟ್ ಇಲ್ಲ ಎಂದು ನಾನು ಸ್ವಿಚ್ ಹಾಕುತ್ತಿದ್ದೆ, ಅದು ತನ್ನ ಲೆಕ್ಕವನ್ನೂ ಸೇರಿಸುತ್ತಿತ್ತು. ದಿನಕ್ಕೆ ಹತ್ತು ಹನ್ನೊಂದು ಗಂಟೆ ಆಗುತ್ತಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ನನಗೆ 700ರ ಆಸುಪಾಸಿಗೆ ಎಸ್‌ಪಿ ರೋಡಿನಲ್ಲಿ ಸಿಕ್ಕಿತು.

ಲೈಟ್ ಮಾತ್ರ ಹೊಸದು ತರಲಿಲ್ಲ. ಅದೇ 30 ವ್ಯಾಟ್ ಎಲ್‌ಇಡಿ, 6500 ಕೆಲ್ವಿನ್, ಅಂದರೆ ಹಗಲಿನಂಥ ಬಿಳಿ ಬೆಳಕು. ನೀರಿನಿಂದ ಆರು ಇಂಚು ಮೇಲಿದ್ದದ್ದನ್ನು ಹನ್ನೊಂದು ಇಂಚಿಗೆ ಎತ್ತಿದೆ. ಸಂಜೆ ಐದರಿಂದ ಹನ್ನೊಂದು, ಒಂದೇ ಸಮ ಆರು ಗಂಟೆ. ಮಧ್ಯೆ ಬಿಡುವು ಕೊಡುವ ಪದ್ಧತಿಯನ್ನೂ ಎರಡು ತಿಂಗಳು ನೋಡಿದೆ, ನನ್ನ ಟ್ಯಾಂಕಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮೇಲೆ ಮೂರನೇ ಒಂದು ಭಾಗ ಅಂತರಗಂಗೆ ಬಿಟ್ಟೆ. ವಾರಕ್ಕೆ ಎರಡು ಹಿಡಿ ತೆಗೆದು ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.

ಗೊಬ್ಬರದ ವಿಷಯದಲ್ಲಿ ನಾನು ಪಟ್ಟ ಪಾಡು ಯಾರಿಗೂ ಬೇಡ. ಮೀನು ಕಡಿಮೆ, ಗಿಡ ಜಾಸ್ತಿ. ಹಳೆ ಎಲೆ ಹಳದಿಯಾಗುತ್ತಿತ್ತು, ಸಾಯುವ ಎಲೆಯ ಮೇಲೇ ಪಾಚಿ ಮೊದಲು ಕೂರುತ್ತಿತ್ತು. ಗಿಡ ಹಸಿದಿದೆ ಎಂದು ಗೊತ್ತಾಯಿತು. ಗೊಬ್ಬರದ ಅಂಗಡಿಗೆ ಹೋಗಿ 13-0-45 ಕೇಳಿದೆ (ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟೆಷ್ಟು ಎಂಬ ಲೆಕ್ಕ ಅದು). ಇಲ್ಲ, ಇದೂ ಅದೇ ಥರ ಎಂದು 19-19-19 ಕೊಟ್ಟರು. ಅದೇ ಥರ ಅಲ್ಲ! ಅದರಲ್ಲಿ ಯೂರಿಯಾ, ಅಮೋನಿಯಂ ಇರುತ್ತದೆ, ನೀರಿನಲ್ಲಿ ಅವು ಅಮೋನಿಯಾ ಆಗಿ ಮೀನಿಗೆ ವಿಷವಾಗುತ್ತವೆ. ಹಾಕಿದ ಮಾರನೇ ಬೆಳಿಗ್ಗೆ ಟೆಟ್ರಾ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅರ್ಧ ನೀರು ಬದಲಿಸಿ, ಸಂಜೆ ಮತ್ತೆ ಅರ್ಧ ಬದಲಿಸಿದೆ. ಹನ್ನೆರಡರಲ್ಲಿ ಐದು ಹೋದವು. ಆ ಐದು ಮೀನು ಇವತ್ತಿಗೂ ನನ್ನ ಮನಸ್ಸಿನಲ್ಲಿವೆ.

13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಬೇರೇನಲ್ಲ. ಅದನ್ನೇ ಹುಡುಕಿ ತಂದೆ. ಕಿಲೋಗೆ 200 ಚಿಲ್ಲರೆ, ನನ್ನ ಜೀವಮಾನಕ್ಕೆ ಸಾಕು. ನೀರು ಬದಲಿಸಿದ ಮೇಲೆ ವಾರಕ್ಕೆ ಕಾಲು ಟೀ ಚಮಚ. ಜೊತೆಗೆ ರಂಜಕಕ್ಕೆಂದು 0-52-34 ಚಿಟಿಕೆ. ಗಾಜಿನ ಮೇಲಿನ ಹಸಿರು ಚುಕ್ಕೆ ಪಾಚಿ ಈ ಚಿಟಿಕೆಯಿಂದಲೇ ಕಮ್ಮಿಯಾಯಿತು. ಸಣ್ಣ ಪೋಷಕಾಂಶಗಳ ಮಿಶ್ರಣವನ್ನು ನಾನೇ ಮಾಡಿಕೊಳ್ಳುತ್ತೇನೆ. ಅದರ ಅಳತೆಗೆ ಒಂದು ವರ್ಷ ಹಿಡಿದಿದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲೈಟ್ ಇಳಿಸಿದ ಎರಡನೇ ವಾರ ಕ್ರಿಪ್ಟೊಕೊರೈನ್ ಎಂಬ ಗಿಡ ಪೂರ್ತಿ ಕರಗಿತು. ಎಲೆಗಳು ನೆನೆದ ಕಾಗದದಂತಾದವು. "ನೋಡು, ಹೇಳಿರಲಿಲ್ವಾ?" ಎಂದ ಗೆಳೆಯ. ನಾನು ಬೇರು ಕೀಳಲಿಲ್ಲ. ಇಪ್ಪತ್ತನೇ ದಿನ ಟಾರ್ಚ್ ಹಾಕಿ ನೋಡಿದರೆ ಮರಳಿನಿಂದ ಮೊಳೆಯಂಥ ಕಂದು ಸುರುಳಿ ಎದ್ದಿತ್ತು. ನಾಲ್ಕು ದಿನಕ್ಕೆ ಅದು ಬಿಚ್ಚಿಕೊಂಡು ಎಲೆಯಾಯಿತು, ಗಟ್ಟಿ ಎಲೆ, ಮೇಲೆ ಒಂದು ಚುಕ್ಕೆ ಪಾಚಿ ಇಲ್ಲ. ಅವತ್ತು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಎಲ್ಲಾ ಗಿಡಕ್ಕೂ ಇದು ಒಗ್ಗಲ್ಲ. ನಮ್ಮ ಪಶ್ಚಿಮ ಘಟ್ಟದ್ದೇ ರೋಟಾಲಾ ಮ್ಯಾಕ್ರಾಂಡ್ರಾ ಹಾಕಿದ್ದೆ, ಕೆಂಪು ಹೋಗಿ ಬಿಳಿಚಿಕೊಂಡು ಕೆಳಗಿನ ಎಲೆ ಉದುರಿತು. ಕೆಂಪು ಬೇಕೆಂದರೆ ಜಾಸ್ತಿ ಲೈಟು, ಸಿಲಿಂಡರ್, ಖರ್ಚು. ಬದಲಿಗೆ ನರ್ಸರಿಯಿಂದ 20 ರೂಪಾಯಿಯ ನೀರು ಬ್ರಾಹ್ಮಿ ತಂದು ಬೇರು ತೊಳೆದು ಮುಳುಗಿಸಿದೆ. ಒಂದೆಲಗ ಅಲ್ಲ, ಸಣ್ಣ ದಪ್ಪ ಎಲೆಯದು. ಹಳೇ ಎಲೆ ಉದುರಿಸಿ ಹೊಸದು ಬಿಟ್ಟಿತು, ಈಗ ಹಿಂದಿನ ಸಾಲು ಪೂರ್ತಿ ಅದೇ.

ಆಸೆ ಹೆಚ್ಚಾಗಿ ಮಧ್ಯದಲ್ಲಿ ಒಮ್ಮೆ ಲೈಟನ್ನು ದಿನಕ್ಕೆ ಏಳೂವರೆ ಗಂಟೆಗೆ ಏರಿಸಿದೆ. ಮೂರೇ ವಾರಕ್ಕೆ ಅನುಬಿಯಾಸ್ ಗಿಡದ ಎಲೆಯಂಚಿನಲ್ಲಿ ಕಪ್ಪು ಗಡ್ಡದ ಪಾಚಿ. ಮೆಡಿಕಲ್ ಶಾಪಿನ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ, ಫಿಲ್ಟರ್ ನಿಲ್ಲಿಸಿ, ಸಿರಿಂಜಿನಲ್ಲಿ ಪಾಚಿ ಮೇಲಷ್ಟೇ ಬಿಟ್ಟೆ. ಒಂದು ಸಲಕ್ಕೆ ಹತ್ತು ಎಂಎಲ್ ದಾಟಿಸಲಿಲ್ಲ. ಸಣ್ಣ ಗುಳ್ಳೆ ಎದ್ದವು. ಎರಡನೇ ದಿನಕ್ಕೆ ಕಪ್ಪು ಹೋಗಿ ಗುಲಾಬಿ ಬಣ್ಣ ಬಂತು. ಗುಲಾಬಿ ಬಂತು ಎಂದರೆ ಸತ್ತಿತು ಎಂದು ಅರ್ಥ. ಉಳಿದದ್ದನ್ನು ಸೀಗಡಿ ತಿಂದವು. ಲೈಟ್ ಮತ್ತೆ ಆರಕ್ಕೆ ಇಳಿಸಿದೆ.

ಈ ಡಿಸೆಂಬರ್‌ನಲ್ಲಿ ಸುಮ್ನೆ ಪರೀಕ್ಷೆಗೆಂದು ಥರ್ಮಕೋಲ್ ತೆಗೆದಿಟ್ಟೆ. ಮಿಕ್ಕಿದ್ದೆಲ್ಲ ಹಾಗೇ. ಒಂಬತ್ತನೇ ದಿನ ಕಿಟಕಿ ಕಡೆಯ ಗಾಜಿನಲ್ಲಿ ಮಾತ್ರ ಹಸಿರು ಪುಡಿ ಕೂತಿತ್ತು, ಬೆರಳಾಡಿಸಿದರೆ ಗೆರೆ ಬೀಳುವಷ್ಟು. ಮುಂದಿನ ಗಾಜು ಶುಭ್ರ. ಉಜ್ಜಿ, ಹಲಗೆ ವಾಪಸ್ ಕಟ್ಟಿದೆ. ಅಮ್ಮ ತಟ್ಟೆಯನ್ನು ಕಿಟಕಿಗೆ ಒಂದಡಿ ಹತ್ತಿರ ಸರಿಸಿಕೊಂಡರು.