ತಾಸಿಗೆ ಎಷ್ಟು ಕಿಲೋಮೀಟರ್? ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ನನ್ನ ಸೈಕಲ್ ವೇಗದ ಲೆಕ್ಕ

ಹೊಸದಾಗಿ ಸೈಕಲ್ ಕೊಂಡು ಬೆಳಗಿನ ಸವಾರಿಗೆ ನಮ್ಮ ಜೊತೆ ಸೇರುವ ಹುಡುಗರು ಮೊದಲು ಕೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಕಾಕಾ, ನೀವು ತಾಸಿಗೆ ಎಷ್ಟ ಹೊಡೀತೀರಿ?" ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಿಂದ ಧಾರವಾಡದ ಜುಬಿಲಿ ಸರ್ಕಲ್ಲಿಗೆ ಹೋಗಿ ಮರಳಿ ಬರುವ ಸುಮಾರು 40 ಕಿ.ಮೀ. ದಾರಿಯಲ್ಲಿ, 35 ಮಿ.ಮೀ. ಅಗಲದ ಟೈರುಳ್ಳ ಹೈಬ್ರಿಡ್ ಸೈಕಲ್ಲಿನ (ರೋಡ್ ಬೈಕಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನ ಜಾತಿ) ಮೇಲೆ, ನನ್ನ ಸರಾಸರಿ ತಾಸಿಗೆ 18ರಿಂದ 19 ಕಿ.ಮೀ. ಇದೆ. ಐವತ್ತು ದಾಟಿದ, ಆರೋಗ್ಯಕ್ಕಾಗಿಯೂ ಸಂತೋಷಕ್ಕಾಗಿಯೂ ಸೈಕಲ್ ತುಳಿಯುವ ಒಬ್ಬನಿಗೆ ಇದು ಒಳ್ಳೆಯ ವೇಗವೆಂದೇ ನಾನು ತಿಳಿದಿದ್ದೇನೆ. ಆದರೆ ಈ ಅಂಕಿಯನ್ನು ಕೇಳಿದ ಹುಡುಗರ ಮುಖದಲ್ಲಿ ಕೊಂಚ ನಿರಾಸೆ ಕಾಣುತ್ತದೆ, ಏಕೆಂದರೆ ಇಳಿಜಾರಿನಲ್ಲಿ ತಮ್ಮ ಮೊಬೈಲು 35 ತೋರಿಸಿದ್ದನ್ನು ಅವರು ಅದಾಗಲೇ ನೋಡಿರುತ್ತಾರೆ. ಕ್ಷಣದ ವೇಗ ಬೇರೆ, ಇಡೀ ದಾರಿಯ ಸರಾಸರಿ ಬೇರೆ ಎಂಬುದನ್ನು ನಾನು ಅವರಿಗೆ ನಮ್ಮ ರಸ್ತೆಯನ್ನೇ ತೋರಿಸಿ ವಿವರಿಸುತ್ತೇನೆ.

ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಉಣಕಲ್ಲ ಕೆರೆ ದಾಟಿ, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎಂದು ಸಾಗುವಾಗ ರಸ್ತೆ ನಡುನಡುವೆ ಇಳಿದರೂ ಒಟ್ಟಿನಲ್ಲಿ ಏರುತ್ತಲೇ ಹೋಗುತ್ತದೆ. ಕಾರಿನಲ್ಲಿ ಕುಳಿತವರಿಗೆ ಈ ಏರು ಗೊತ್ತೇ ಆಗುವುದಿಲ್ಲ. ಸೈಕಲ್ ತುಳಿಯುವವರ ತೊಡೆಗಳಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸೈಕಲ್ಲು, ಸವಾರ, ನೀರಿನ ಬಾಟಲಿ ಎಲ್ಲ ಸೇರಿ 90 ಕಿಲೋ ಇದ್ದರೆ, ನೂರು ಮೀಟರಿಗೆ ಒಂದೇ ಮೀಟರು ಏರುವ ದಾರಿಯಲ್ಲಿಯೂ ತಾಸಿಗೆ 20ರ ವೇಗ ಉಳಿಸಿಕೊಳ್ಳಲು ಸಮತಟ್ಟಿನಲ್ಲಿ ಬೇಕಾದುದಕ್ಕಿಂತ ಸುಮಾರು 50 ವ್ಯಾಟ್ ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಧಾರವಾಡ ಮುಟ್ಟಿದ ಮೇಲೆ, 'ಛೋಟಾ ಮಹಾಬಳೇಶ್ವರ' ಎಂದು ಜನ ಕರೆಯುವ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ ಹತ್ತುವಾಗ ನನ್ನ ವೇಗ ತಾಸಿಗೆ 8–10 ಕಿ.ಮೀ.ಗೆ ಇಳಿಯುತ್ತದೆ. ಹವ್ಯಾಸಿ ಸವಾರರಲ್ಲಿ ಹೆಚ್ಚಿನವರ ಕಥೆಯೂ ಅಲ್ಲಿ ಅಷ್ಟೇ.

ಏರಿಗಿಂತ ದೊಡ್ಡದು ಗಾಳಿ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಅದರಲ್ಲೂ ಆಷಾಢದಲ್ಲಿ, ಪಡುವಣ ದಿಕ್ಕಿನಿಂದ ಬೀಸುವ ಗಾಳಿಯು ವಾಯವ್ಯಕ್ಕಿರುವ ಧಾರವಾಡದತ್ತ ಹೊರಟವರ ಎದೆಗೇ ಬಂದು ಬಡಿಯುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆ ತಡೆಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿಯು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನನ್ನ ಸೈಕಲ್ಲಿಗೂ ನೆಟ್ಟಗೆ ಕುಳಿತು ತುಳಿಯುವ ನನ್ನ ಭಂಗಿಗೂ ಹೊಂದುವಂತೆ ಲೆಕ್ಕ ಹಾಕಿ ನೋಡಿದೆ. ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ ತಾಸಿಗೆ 20ರಂತೆ ಹೋಗಲು ಸುಮಾರು 90 ವ್ಯಾಟ್ ಸಾಕು, 25ರಂತೆ ಹೋಗಲು ಸುಮಾರು 160 ಬೇಕು. ವೇಗ ಕಾಲುಭಾಗ ಹೆಚ್ಚಿದರೆ ಶ್ರಮ ಮುಕ್ಕಾಲುಭಾಗ ಹೆಚ್ಚುತ್ತದೆ ಎಂದಾಯಿತು. ತಾಸಿಗೆ 10 ಕಿ.ಮೀ. ವೇಗದ ಸಾಧಾರಣ ಎದುರುಗಾಳಿ ಇದ್ದರೂ ಸಾಕು, 20ರಲ್ಲಿ ಹೋಗುವವನು ಗಾಳಿಯಿಲ್ಲದ ದಿನ 25ರಲ್ಲಿ ಹೋಗುವವನಷ್ಟೇ ದಣಿಯುತ್ತಾನೆ. ಶ್ರಮವನ್ನು ಹೆಚ್ಚಿಸದೆ 90 ವ್ಯಾಟಿನಲ್ಲೇ ತುಳಿದರೆ ವೇಗ 15ಕ್ಕೆ ಬೀಳುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ಅದೇ ಶ್ರಮಕ್ಕೆ 25 ದಾಟುತ್ತದೆ.

ಹೋಗುವಾಗ 15, ಬರುವಾಗ 25, ಆದ್ದರಿಂದ ಸರಾಸರಿ 20 ಎಂದು ಬಹಳ ಮಂದಿ ಭಾವಿಸುತ್ತಾರೆ. ಹಾಗಾಗುವುದಿಲ್ಲ. 20 ಕಿ.ಮೀ. ದೂರವನ್ನು 15ರ ವೇಗದಲ್ಲಿ ಹೋಗಲು 80 ನಿಮಿಷ ಬೇಕು, 25ರ ವೇಗದಲ್ಲಿ ಬರಲು 48 ನಿಮಿಷ ಬೇಕು. ಒಟ್ಟು 40 ಕಿ.ಮೀ.ಗೆ 128 ನಿಮಿಷವಾಗುತ್ತದೆ, ಅಂದರೆ ತಾಸಿಗೆ 18.75. ನಿಧಾನದ ಭಾಗದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಆದ್ದರಿಂದ ಸರಾಸರಿಯ ಮೇಲೆ ಅದರ ಭಾರವೇ ಹೆಚ್ಚು. ಗಾಳಿಯಾಗಲಿ ಏರಾಗಲಿ ಹೋಗುವಾಗ ಕಸಿದುಕೊಂಡ ಸಮಯವನ್ನು ಬರುವಾಗ ಪೂರ್ತಿಯಾಗಿ ಮರಳಿಸುವುದಿಲ್ಲ. ಈ ಒಂದು ವಿಷಯ ಮನಸ್ಸಿಗೆ ನಾಟಿದ ಮೇಲೆ ನಾನು ಆಷಾಢದ ಅಂಕಿಗಳನ್ನು ಮಾಘದ ಅಂಕಿಗಳೊಂದಿಗೆ ಹೋಲಿಸುವುದನ್ನು ಬಿಟ್ಟುಬಿಟ್ಟೆ. ಇನ್ನೊಬ್ಬರ ಅಂಕಿಗಳೊಂದಿಗೆ ಹೋಲಿಸುವುದಂತೂ, ಅವರ ದಾರಿ, ಗಾಳಿ ಮತ್ತು ಸೈಕಲ್ಲು ಯಾವುದೆಂದು ತಿಳಿಯದೆ, ಅರ್ಥವಿಲ್ಲದ ಕೆಲಸ.

ಸೈಕಲ್ಲಿನ ಜಾತಿಯೂ ವೇಗವನ್ನು ನಿರ್ಧರಿಸುತ್ತದೆ. ನಮ್ಮ ಭಾಗದ ಸವಾರರಲ್ಲಿ ನಾನು ಕಂಡಂತೆ, 28 ಇಂಚಿನ ಗಾಲಿಯ ಹಳೆಯ ಕರಿ ಸೈಕಲ್ಲಿನವರು 12ರಿಂದ 15ರಲ್ಲಿ ಆರಾಮಾಗಿ ಹೋಗುತ್ತಾರೆ. ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್ಲು) ಇದ್ದವರು 15ರಿಂದ 18, ಹೈಬ್ರಿಡ್ ಇದ್ದವರು 17ರಿಂದ 22 ಮತ್ತು ಬಾಗಿದ ಹ್ಯಾಂಡಲಿನ ರೋಡ್ ಬೈಕ್ ಇದ್ದು ನಿಯಮಿತ ಅಭ್ಯಾಸವಿರುವವರು 22ರಿಂದ 28. ಇದರಾಚೆಗಿನದು ಸ್ಪರ್ಧಾಳುಗಳ ಲೋಕ. ಟೂರ್ ಡಿ ಫ್ರಾನ್ಸ್ ಗೆಲ್ಲುವವರ ಸರಾಸರಿ ಇಂದು 40ನ್ನು ಮೀರಿದೆ. ಇಟಲಿಯ ಫಿಲಿಪ್ಪೊ ಗಾನಾ 2022ರಲ್ಲಿ ಒಳಾಂಗಣ ಟ್ರ್ಯಾಕಿನ ಮೇಲೆ ಒಂದೇ ತಾಸಿನಲ್ಲಿ 56.792 ಕಿ.ಮೀ. ಕ್ರಮಿಸಿದರು. ಆ ಅಂಕಿಗಳನ್ನು ಓದಿ ಸಂತೋಷಪಡಬೇಕು, ಅವುಗಳ ಪಕ್ಕದಲ್ಲಿ ನಮ್ಮದನ್ನು ಇಡಬಾರದು.

ಅಳತೆಯ ಸಾಧನವನ್ನು ಸರಿಯಾಗಿ ಹೊಂದಿಸಿಕೊಳ್ಳುವುದು ನನ್ನ ಮಟ್ಟಿಗೆ ಮುಖ್ಯವಾಗಿತ್ತು. ಹ್ಯಾಂಡಲಿನ ಮೇಲಿನ ಸಣ್ಣ ಮೀಟರು ಗಾಲಿಯ ಸುತ್ತುಗಳನ್ನು ಎಣಿಸಿ, ಅದನ್ನು ನಾವು ಕೊಟ್ಟ ಸುತ್ತಳತೆಯಿಂದ ಗುಣಿಸುತ್ತದೆ. ತೆಳುವಾದ ರೋಡ್ ಟೈರಿನ 2096 ಮಿ.ಮೀ. ಸುತ್ತಳತೆ ಅದರಲ್ಲಿ ಮೊದಲೇ ತುಂಬಿತ್ತು. 35 ಮಿ.ಮೀ. ಟೈರಿನ ಸುತ್ತಳತೆ ಕೋಷ್ಟಕದಲ್ಲಿ 2168 ಎಂದಿದೆ. ಬದಲಿಸದೆ ಬಿಟ್ಟಿದ್ದರೆ ನಿಜವಾದ 20 ಕಿ.ಮೀ. ವೇಗವನ್ನು ಅದು 19.3 ಎಂದು ತೋರಿಸುತ್ತಿತ್ತು. ಕೋಷ್ಟಕವನ್ನಷ್ಟೇ ನಂಬದೆ ಮನೆಯ ಮುಂದಿನ ಫರಸಿಯ ಮೇಲೆ ನಾನೇ ಅಳೆದೆ. ಟೈರಿಗೆ ಪೂರ್ತಿ ಹವಾ ತುಂಬಿ, ಮುಂದಿನ ಗಾಲಿಯ ವಾಲ್ವ್ ನೆಲಕ್ಕೆ ನೇರವಾಗಿ ಬಂದ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ಸೈಕಲ್ಲಿನ ಮೇಲೆ ಕುಳಿತು, ಮಗನಿಗೆ ಹಿಂಬದಿಯಿಂದ ಹಿಡಿಯಲು ಹೇಳಿ, ವಾಲ್ವ್ ಮತ್ತೆ ಕೆಳಗೆ ಬರುವವರೆಗೆ ಒಂದು ಸುತ್ತು ಮುಂದೆ ಸರಿದು ಇನ್ನೊಂದು ಗೆರೆ ಎಳೆಸಿದೆ. ಮೈಭಾರಕ್ಕೆ ಟೈರು ಸ್ವಲ್ಪ ಅದುಮುವುದರಿಂದ ಎರಡು ಗೆರೆಗಳ ನಡುವಿನ ದೂರ 2150 ಬಂತು. ಆ ಅಂಕಿಯನ್ನೇ ಮೀಟರಿಗೆ ಕೊಟ್ಟಿದ್ದೇನೆ.

ಮೊಬೈಲಿನ ಆಪ್‌ಗಳಲ್ಲಿ ಬೇರೊಂದು ವಿಷಯವನ್ನು ಗಮನಿಸಬೇಕು. ಸೈಕಲ್ ನಿಂತ ಕೂಡಲೇ ಗಡಿಯಾರವನ್ನೂ ನಿಲ್ಲಿಸುವ ವ್ಯವಸ್ಥೆ ಅವುಗಳಲ್ಲಿರುತ್ತದೆ. ನಮ್ಮ ರಸ್ತೆಯ ನಡುವಿನ ಪಥ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ 'ಚಿಗರಿ' ಎಂಬ ತ್ವರಿತ ಬಸ್ಸುಗಳಿಗೆ ಮೀಸಲು. ನಾವು ಅಂಚಿನಲ್ಲಿ ಆಟೋ, ಟಂಟಂ ಮತ್ತು ಲಾರಿಗಳ ಜೊತೆ ಸಾಗಬೇಕು, ಸಿಗ್ನಲ್ಲುಗಳಲ್ಲಿ ನಿಲ್ಲಬೇಕು, ಬಣ್ಣ ಅಳಿಸಿದ ಹಂಪುಗಳಿಗೆ ವೇಗ ಇಳಿಸಬೇಕು. ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಕಂಡರೆ ನಾವು ನಿಲ್ಲದೆ ಮುಂದೆ ಹೋದದ್ದು ಕಡಿಮೆ. ಹೀಗಾಗಿ ತುಳಿದ ಹೊತ್ತಿನ ಸರಾಸರಿ 19 ಇದ್ದರೂ ಮನೆಯಿಂದ ಮನೆಗೆ ಲೆಕ್ಕ ಹಿಡಿದರೆ 15ರಿಂದ 16 ಆಗುತ್ತದೆ. ದೂರ ಸವಾರಿಯವರು ಈ ಎರಡನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಅದೇ ಸರಿ. ಬ್ರೆವೆ ಎಂದು ಕರೆಯುವ ದೂರ ಸವಾರಿಗಳಲ್ಲಿ 200 ಕಿ.ಮೀ.ಗೆ 13 ತಾಸು 30 ನಿಮಿಷದ ಗಡುವು ಇರುತ್ತದೆ. ಊಟ, ಪಂಕ್ಚರು, ವಿಶ್ರಾಂತಿ ಎಲ್ಲವನ್ನೂ ಸೇರಿಸಿ ತಾಸಿಗೆ 15 ಕಿ.ಮೀ.ಗಿಂತ ತುಸು ಕಡಿಮೆಯಾದರೂ ಸಾಕು. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿ.ಮೀ.ಯ ಹೆಸರಾಂತ ಸವಾರಿಗೆ ಗರಿಷ್ಠ 90 ತಾಸು, ಅಂದರೆ ಸರಾಸರಿ 13 ಚಿಲ್ಲರೆ. ತಾಸಿಗೆ 18 ಎಂದರೆ ಮುಖ ಸಪ್ಪಗೆ ಮಾಡುವ ಹುಡುಗರಿಗೆ ನಾನು ಈ ಎರಡು ಅಂಕಿಗಳನ್ನು ತಪ್ಪದೆ ಹೇಳುತ್ತೇನೆ.

ಹಾಗಾದರೆ ನನ್ನ ವೇಗವನ್ನು ನಾನು ಹೇಗೆ ಗೊತ್ತುಮಾಡಿಕೊಂಡೆ? ಮೀಟರು ನೋಡಿ ಅಲ್ಲ, ಉಸಿರು ನೋಡಿ. ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯವನ್ನು ಏದುಸಿರು ಬಿಡದೆ ಮಾತಾಡಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಆ ಹದದಲ್ಲಿ, ಪೆಡಲು ನಿಮಿಷಕ್ಕೆ 70ರಿಂದ 80 ಸುತ್ತು ತಿರುಗುವಂತೆ ಗೇರು ಬದಲಿಸುತ್ತ ತುಳಿಯುತ್ತೇನೆ. ಏರು ಬಂದರೆ ಸುತ್ತು ಅಷ್ಟೇ ಇರುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಸುಧಾರಣೆಯನ್ನು ತಿಳಿಯಬೇಕೆಂದಾಗ ಗಾಳಿ ಇನ್ನೂ ಏಳದ ನಸುಕಿನಲ್ಲಿ ಅದೇ ರಸ್ತೆಯ ಅದೇ ತುಂಡನ್ನು ಎರಡೂ ದಿಕ್ಕಿಗೆ, ಅದೇ ಉಸಿರಿನ ಹದದಲ್ಲಿ ತುಳಿದು ಸಮಯ ನೋಡುತ್ತೇನೆ. ತಿಂಗಳುಗಟ್ಟಲೆ ನಿಯಮಿತವಾಗಿ ತುಳಿದ ಮೇಲೆ ಸರಾಸರಿ 16ರಿಂದ 18ಕ್ಕೆ ಬಂತು; ಆ ಮೇಲಿನ ಪ್ರತಿ ಕಿಲೋಮೀಟರಿಗೂ, ಗಾಳಿಯ ಲೆಕ್ಕದಲ್ಲಿ ಹೇಳಿದಂತೆ, ಹಿಂದಿನದಕ್ಕಿಂತ ಹೆಚ್ಚು ದುಡಿಯಬೇಕಾಯಿತು. ಗುಂಪಿನಲ್ಲಿ ಹೋಗುವಾಗ ಮುಂದಿನವರ ಗಾಲಿಯ ಹಿಂದೆ ಸಮೀಪದಲ್ಲಿ ಇದ್ದರೆ ಗಾಳಿಯ ತಡೆ ಕಡಿಮೆಯಾಗಿ ಅದೇ ಶ್ರಮಕ್ಕೆ ಒಂದೆರಡು ಕಿಲೋಮೀಟರು ಹೆಚ್ಚು ಸಿಗುತ್ತದೆ, ಆದರೆ ಗುಂಡಿಗಳಿರುವ ನಮ್ಮ ರಸ್ತೆಗಳಲ್ಲಿ ಹೊಸಬರು ಹಾಗೆ ಅಂಟಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಈ ಲೆಕ್ಕ ನನಗೆ ನಿಜವಾಗಿ ಉಪಯೋಗಕ್ಕೆ ಬರುವುದು ಹೊರಡುವ ಸಮಯ ಗೊತ್ತುಮಾಡುವಾಗ. ಗದಗಿಗೆ ಇಲ್ಲಿಂದ ಸುಮಾರು 58 ಕಿ.ಮೀ. ದಾರಿಯೆಲ್ಲ ಎರೆಹೊಲಗಳ ನಡುವಿನ ಬಯಲು, ಏರು ಅಷ್ಟಾಗಿ ಇಲ್ಲ, ಆದರೆ ಮರೆಗೆ ಮರಗಳೂ ಇಲ್ಲ. ಡಿಸೆಂಬರಿನಲ್ಲಿ ಗಾಳಿ ಮೂಡಣದಿಂದ ಬರುತ್ತದೆ, ಹೊತ್ತೇರಿದಂತೆ ಬಲವಾಗುತ್ತದೆ, ಗದಗಿಗೆ ಹೊರಟವರಿಗೆ ಅದು ಎದುರುಗಾಳಿ. ಆದ್ದರಿಂದ ದೀಪ ಹಚ್ಚಿಕೊಂಡು 6.30ಕ್ಕೆ ಹೊರಡುತ್ತೇನೆ. ಅಣ್ಣಿಗೇರಿಯ ಚಹಾವನ್ನೂ ಸೇರಿಸಿ ತಾಸಿಗೆ 16ರಂತೆ ಹಿಡಿದರೆ ಮೂರೂವರೆ ತಾಸಿಗೆ ಸ್ವಲ್ಪ ಮೇಲಾಗುತ್ತದೆ, ಅಂದರೆ 10 ದಾಟುತ್ತದೆ. ಗಾಳಿಗೆಂದು ಇನ್ನೂ ಇಪ್ಪತ್ತು ನಿಮಿಷ ಸೇರಿಸಿ, ಗದಗಿನಿಂದ ಫೋನು ಬರುವುದು 10.30ಕ್ಕೆ ಎಂದು ಮನೆಯಲ್ಲಿ ಹೇಳಿರುತ್ತೇನೆ.