ಫ್ರೀಮನ್ ಹಿಂದೆ ನಿಂತಿದ್ದ ಹುಡುಗನನ್ನು ನಾನು ಮಾರಿದ್ದು

ನಾನಿರೋದು ನ್ಯೂಜೆರ್ಸಿಯಲ್ಲಿ. ಆಫೀಸಿನವರು, ನಮ್ಮ ಕಡೆಯವರು ಅಂತ 12 ಜನ ಸೇರಿ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತೇವೆ. ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟೋದು; ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಅಂಕ. ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಆದರೆ ಮಾರ್ಚ್ ಹೊತ್ತಿಗೆ ಪಟ್ಟಿಯಲ್ಲಿ 30 ಜನ ಮಾತ್ರ ಇರಬೇಕು.

2023ರ ಕೊನೆಗೆ ನನ್ನ ಹತ್ತಿರ 31 ಜನ ಇದ್ದರು. ಹೆಚ್ಚಾದವನು ಲಾಸ್ ಏಂಜಲೀಸ್ ತಂಡ ಡಾಡ್ಜರ್ಸ್‌ನ ಮೈಕಲ್ ಬುಷ್. ಆ ವರ್ಷ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಹಂತ) ತಂಡ ಒಕ್ಲಹೋಮ ಸಿಟಿಯಲ್ಲಿ .323 ಬ್ಯಾಟಿಂಗ್ ಸರಾಸರಿ, 27 ಹೋಮ್ ರನ್, ಪೆಸಿಫಿಕ್ ಕೋಸ್ಟ್ ಲೀಗ್‌ನ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಬೇರೆ. ಇಷ್ಟಾದರೂ ಡಾಡ್ಜರ್ಸ್‌ನಲ್ಲಿ ಅವನಿಗೆ ಜಾಗವಿಲ್ಲ. ಫಸ್ಟ್ ಬೇಸ್‌ನಲ್ಲಿ, ಅಂದರೆ ಮೊದಲ ಬೇಸ್ ಕಾಯೋ ಜಾಗದಲ್ಲಿ, ಫ್ರೆಡ್ಡಿ ಫ್ರೀಮನ್. ಡಿಸೆಂಬರ್‌ನಲ್ಲಿ ಶೋಹೆಯ್ ಒಟಾನಿ ಬಂದ ಮೇಲೆ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ ಮಾಡುವವನ) ಜಾಗವೂ ಹೋಯಿತು. ನನ್ನ ತಂಡದಲ್ಲೂ ಫಸ್ಟ್ ಬೇಸ್‌ಗೆ ಅದೇ ಫ್ರೀಮನ್!

ಷಿಕಾಗೋದಲ್ಲಿರುವ ಗೆಳೆಯನ ತಂಡದಲ್ಲಿ ಫಸ್ಟ್ ಬೇಸ್ ಖಾಲಿ ಇತ್ತು. ಅವನಿಗೆ ಫೋನ್ ಮಾಡಿದೆ.

"ಐದನೇ ರೌಂಡ್ ಪಿಕ್ ಕೊಡ್ತೀನಿ ಗುರು. ಮಾರ್ಚ್‌ನಲ್ಲಿ ಹೆಂಗೂ ಬಿಡ್ತೀಯಲ್ಲ," ಅಂದ.

ಪಿಕ್ ಅಂದರೆ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸೋ ಒಂದು ಸರದಿ; ರೌಂಡ್ ಮುಂಚಿನದಾದಷ್ಟೂ ಬೆಲೆ ಜಾಸ್ತಿ. ಅವನ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮಲ್ಲಿ ಜಾಗವಿಲ್ಲ ಅಂತ ಗೊತ್ತಾದ ಕೂಡಲೇ ಬೆಲೆ ಸಂಜೆ ಮಾರ್ಕೆಟ್‌ನ ಸೊಪ್ಪಿನ ಹಾಗೆ ಇಳಿಯುತ್ತೆ. ಹಾಗಾಗಿ ಮೊದಲು ಆ ಅವಸರವನ್ನೇ ತೆಗೆದುಹಾಕಿದೆ. ವಯಸ್ಸಾದ ಒಬ್ಬ ರಿಲೀವರ್‌ನನ್ನು (ಪಂದ್ಯದ ನಡುವೆ ಬರೋ ಪಿಚರ್) ಡಿಸೆಂಬರ್‌ನಲ್ಲೇ ಬಿಟ್ಟುಬಿಟ್ಟೆ. ಪಟ್ಟಿ 30ಕ್ಕೆ ಬಂತು. ಬುಷ್‌ನನ್ನು ಮಾರಲೇಬೇಕು ಅನ್ನೋ ಕಷ್ಟ ಇನ್ನಿಲ್ಲ. ಸುಮ್ನೆ ಕಾದೆ.

2024ರ ಜನವರಿಯಲ್ಲಿ ಡಾಡ್ಜರ್ಸ್ ಅವನನ್ನು ಪಿಚರ್ ಯೆನ್ಸಿ ಆಲ್ಮಾಂಟೆ ಜೊತೆ ಷಿಕಾಗೋ ಕಬ್ಸ್‌ಗೆ ಕೊಟ್ಟಿತು. ಬದಲಿಗೆ ಪಡೆದದ್ದು ಜ್ಯಾಕ್ಸನ್ ಫೆರಿಸ್ ಮತ್ತು ಜೈಹಿರ್ ಹೋಪ್, ಇಬ್ಬರೂ ಆಗಿನ್ನೂ ಇಪ್ಪತ್ತು ದಾಟದ ಹುಡುಗರು. ಅವರನ್ನು ಆಗಲೇ ಮೇಜರ್ ಲೀಗ್ ತಂಡದ 40 ಜನರ ಪಟ್ಟಿಗೆ ಸೇರಿಸಬೇಕಾಗಿರಲಿಲ್ಲ. ಅಂದರೆ ಎರಡು ಸೀಟು ಖಾಲಿಯಾಯಿತು, ಬಂದವರು ಸೀಟು ಕೇಳುವುದಿಲ್ಲ. ಇದನ್ನು ನೋಡಿದಾಗ ನನಗೆ ಏನು ಕೇಳಬೇಕು ಅನ್ನೋದು ಗೊತ್ತಾಯಿತು.

ಬುಷ್‌ಗೆ ಇನ್ನು ಆಡೋಕೆ ಜಾಗ ಸಿಗುತ್ತೆ ಅಂತ ಅವತ್ತು ರಾತ್ರಿ ಗೆಳೆಯನೇ ಫೋನ್ ಮಾಡಿದ. ಒಬ್ಬ ಕ್ಯಾಚರ್, ಒಬ್ಬ ಪಿಚರ್ ಕೊಡ್ತೀನಿ ಅಂದ. ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬನಿಗೆ ಇಬ್ಬರು ಬಂದರೆ ಮತ್ತೆ 31 ಆಗುತ್ತೆ, ಅಲ್ವಾ? ಆಟಗಾರ ಬೇಡ, ಎರಡನೇ ರೌಂಡ್ ಪಿಕ್ ಕೊಡು ಅಂದೆ. ಪಿಕ್‌ಗೆ ಡ್ರಾಫ್ಟ್ ತನಕ ಸೀಟು ಬೇಕಾಗಿಲ್ಲ. ಎರಡು ದಿನ ಎಳೆದಾಡಿ ಕೊನೆಗೆ ಒಪ್ಪಿದ.

ಏಪ್ರಿಲ್‌ನಲ್ಲಿ ಬುಷ್ ಸತತ 5 ಪಂದ್ಯಗಳಲ್ಲಿ ಹೋಮ್ ರನ್ ಹೊಡೆದ. ಐದನೆಯದರ ವಿಡಿಯೋ ಗೆಳೆಯನೇ ಕಳಿಸಿದ್ದ. ಚೆಂಡು ಹೋಗಿ ಬಿದ್ದದ್ದನ್ನು ಮೂರು ಸಲ ನೋಡಿದೆ. ಹುಡುಗನಿಗೆ ಅಂತೂ ನಿಲ್ಲೋಕೆ ಜಾಗ ಸಿಕ್ಕಿತ್ತು.